ಜೈಲಿನಿಂದ ಬಂದ ಪತ್ರಕ್ಕೆ ಮಸಿ ಬಳಿಯಬಹುದಾ?

ಅಣ್ಣ ಜೈಲಿನಿಂದ ಬರೆದ ಪತ್ರದಲ್ಲಿ ನಾಲ್ಕು ಸಾಲಿಗೆ ಕಪ್ಪು ಮಸಿ ಬಳಿದಿದ್ದಾರೆ, ಇದು ಸರಿಯಾ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಧಾರವಾಡದಲ್ಲಿ ಒಬ್ಬ ಕ್ರಿಮಿನಲ್ ವಕೀಲರ ಹತ್ತಿರ ಹದಿನೆಂಟು ವರ್ಷ ಗುಮಾಸ್ತನಾಗಿದ್ದೆ. ವಕಾಲತ್ತಿಗೆ, ಅಂದರೆ ವಕೀಲರನ್ನು ನೇಮಿಸುವ ಪತ್ರಕ್ಕೆ, ಕೈದಿಗಳ ಸಹಿ ತರಲು ಜೈಲಿನ ಗೇಟಿನಲ್ಲಿ ಕಾಯುವುದೇ ಅರ್ಧ ಕೆಲಸವಾಗಿತ್ತು.

ಪತ್ರ ಓದುವ ಅಧಿಕಾರ ಅವರಿಗಿದೆ, ಅದರಲ್ಲಿ ಜಗಳ ಬೇಡ. ಓಡಿಹೋಗುವ ಪ್ಲ್ಯಾನು, ಸಾಕ್ಷಿದಾರರಿಗೆ ಬೆದರಿಕೆ, ಗುಪ್ತ ಭಾಷೆ ಇದ್ದರೆ ತಡೆಯಲೇಬೇಕು. ತೊಂದರೆ ಇರುವುದು ಹಳೇ ಜೈಲು ಕೈಪಿಡಿಗಳಲ್ಲಿರುವ ‘ಆಕ್ಷೇಪಾರ್ಹ’ ಅನ್ನುವ ಪದದಲ್ಲಿ. ಸೂಪರಿಂಟೆಂಡೆಂಟ್ ಸಾಹೇಬರಿಗೆ ಹಾಗನಿಸಿದರೆ ಸಾಲು ಅಳಿಸಬಹುದು, ಪತ್ರವನ್ನೇ ಇಟ್ಟುಕೊಳ್ಳಬಹುದು. ಜೈಲಿನ ಊಟ ಸರಿ ಇಲ್ಲ ಅಂತ ಬರೆದರೆ ಅದೂ ಆಕ್ಷೇಪಾರ್ಹವೇ!

ಸುಮ್ನೆ ಹೇಳುತ್ತಿಲ್ಲ. ಗದಗ ಕಡೆಯ ಒಬ್ಬ ಹೆಣ್ಣುಮಗಳು ಗಂಡನ ಪತ್ರ ತಂದಿದ್ದಳು, ಅದಕ್ಕೂ ಹೀಗೇ ಮಸಿ. ಯಾವ ಜೈಲು ಅಂತ ಹೇಳುವುದಿಲ್ಲ. ಮುಲಾಖತ್ತಿಗೆ, ಅಂದರೆ ಜೈಲಿನ ಭೇಟಿಗೆ, ಹೋದಾಗ ಕೇಳಿದರೆ, ‘ರೊಟ್ಟಿ ಹಸಿ ಇರ್ತಾವ, ಹೊಟ್ಟಿ ನೋಯ್ತದ’ ಅಂತ ಬರೆದಿದ್ದನಂತೆ, ಅಷ್ಟೇ. ನಮ್ಮ ವಕೀಲರು ಮುಂದಿನ ತಾರೀಖಿಗೆ ಆ ಪತ್ರವನ್ನೇ ಹಚ್ಚಿ ನ್ಯಾಯಾಧೀಶರಿಗೆ ಒಂದು ಮೆಮೊ ಕೊಟ್ಟರು, ನ್ಯಾಯಾಧೀಶರು ಜೈಲಿನಿಂದ ವರದಿ ಕೇಳಿದರು. ರೊಟ್ಟಿ ಬೆಂದವೋ ಇಲ್ಲವೋ ಗೊತ್ತಿಲ್ಲ, ಮಸಿ ಬಳಿಯುವುದು ಮಾತ್ರ ನಿಂತಿತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಅತಿಯಾಗಿ ದೂರುವ’ ಪತ್ರ ಕಳಿಸಬಾರದು ಅಂತ ನಿಯಮವೇ ಇತ್ತು, ನೋಡಿ. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಜೈಲಿನ ಭದ್ರತೆಗೆ ಧಕ್ಕೆ ಇದ್ದರೆ ತಡೆಯಿರಿ, ನಿಮ್ಮನ್ನು ಬೈದಿದ್ದಾನೆ ಅಂತ ತಡೆಯಬೇಡಿ ಅನ್ನುವುದು ತೀರ್ಪಿನ ತಿರುಳು.

ನಮ್ಮಲ್ಲೂ ಇಂಥ ತೀರ್ಪು ಇದೆ. ಪ್ರಭಾಕರ ಸಂಝಗಿರಿ ಅಂತ, ವಿಚಾರಣೆ ಇಲ್ಲದೆ ಬಂಧನದಲ್ಲಿಡಲು ಬಿಡುತ್ತಿದ್ದ ಭಾರತ ರಕ್ಷಣಾ ನಿಯಮದಡಿ ಮುಂಬೈ ಕಡೆ ಜೈಲಿನಲ್ಲಿಟ್ಟಿದ್ದರು. ಆತ ಒಳಗೆ ಕೂತು ಮರಾಠಿಯಲ್ಲಿ ಅಣುವಿಜ್ಞಾನದ ಪುಸ್ತಕ ಬರೆದ. ಹಸ್ತಪ್ರತಿಯನ್ನು ಹೆಂಡತಿಗೆ ಕಳಿಸಿ ಅಚ್ಚು ಹಾಕಿಸುತ್ತೇನೆ ಅಂದರೆ ಸರ್ಕಾರ ಬಿಡಲಿಲ್ಲ. ಅಣುವಿಗೆ ಯಾಕೆ ಹೆದರಿದರೋ! 1965ರಲ್ಲಿ ಸುಪ್ರೀಂ ಕೋರ್ಟ್ ಆತನ ಪರ ನಿಂತಿತು: ನಿಯಮದಲ್ಲಿ ತಡೆ ಇಲ್ಲದ್ದನ್ನು ಅಧಿಕಾರಿ ತಡೆಯುವಂತಿಲ್ಲ. ಇನ್ನು, ಸುನಿಲ್ ಬಾತ್ರಾ ತಿಹಾರ್ ಜೈಲಿನಿಂದ ಇನ್ನೊಬ್ಬ ಕೈದಿಗೆ ಆದ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೆ ಪತ್ರ ಬರೆದ. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಜೈಲಿನಲ್ಲಿ ದೂರಿನ ಪೆಟ್ಟಿಗೆ ಇರಬೇಕು ಅಂದದ್ದೂ ಅದೇ ಕೇಸಿನಲ್ಲಿ, 1979ರಲ್ಲಿ. ಅಂಥ ಪತ್ರಕ್ಕೆ ಯಾರಾದರೂ ಮಸಿ ಬಳಿದಿದ್ದರೆ?

ಈಗ ನಿಮ್ಮ ವಿಷಯ. ಮುಲಾಖತ್ತಿನಲ್ಲಿ ಅಣ್ಣನಿಗೆ ಆ ನಾಲ್ಕು ಸಾಲಲ್ಲಿ ಏನಿತ್ತು ಅಂತ ಕೇಳಿ ಬರೆದುಕೊಳ್ಳಿ. ಬೆದರಿಕೆ ಗಿದರಿಕೆ ಇದ್ದರೆ ಬಿಟ್ಟುಬಿಡಿ. ಬರೀ ದೂರು ಇದ್ದರೆ, ಯಾವ ನಿಯಮದಡಿ ಅಳಿಸಿದಿರಿ ಅಂತ ಸೂಪರಿಂಟೆಂಡೆಂಟರಿಗೆ ಪತ್ರ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಉತ್ತರ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಕೇಳುವುದಿಲ್ಲ. ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ಮಟ್ಟಕ್ಕೆ ಹೋದರೂ ಬೆಂಗಳೂರಿಗೆ ಓಡಾಡಬೇಕಿಲ್ಲ, 2008ರಿಂದ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ.

ಪತ್ರ, ಲಕೋಟೆ ಎರಡನ್ನೂ ಜೋಪಾನ ಮಾಡಿ, ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ. ಮಸಿ ಕೆರೆಯಲು ಮಾತ್ರ ಹೋಗಬೇಡಿ. ಆ ಗದಗದ ಹೆಣ್ಣುಮಗಳು ಬ್ಲೇಡಿನಿಂದ ಕೆರೆದು, ಅದೇ ಹಾಳೆಯ ಹಿಂಬದಿಯಲ್ಲಿ ಮಗಳಿಗೆ ಬರೆದಿದ್ದ ಎರಡು ಸಾಲನ್ನೂ ಕಳೆದುಕೊಂಡಿದ್ದಳು.