‘ಪ್ಯಾಟನ್’ ಸಿನಿಮಾದ ಜನರಲ್ ಎಷ್ಟು ಪರ್ಸೆಂಟ್ ನಿಜ? ಕಾಲೇಜ್ ಭಾಷಣಕ್ಕೆ ಸಿನಿಮಾ ಒಂದೇ ಸಾಕಾ?

ಸಾಕಾಗುವುದಿಲ್ಲ. ಎರಡನೇ ಮಹಾಯುದ್ಧದ ಅಮೆರಿಕನ್ ಜನರಲ್ ಜಾರ್ಜ್ ಪ್ಯಾಟನ್ ಬಗ್ಗೆ ನಾನೂ ಈ ಸಿನಿಮಾ ಒಂದನ್ನೇ ನಂಬಿ ಕೆಟ್ಟವನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

2010ರಲ್ಲಿ ಕಾರವಾರದಲ್ಲಿ ಡಿಗ್ರಿ ಓದುತ್ತಿದ್ದೆ. ‘ನಾನು ಮೆಚ್ಚಿದ ಸೇನಾನಿ’ ಅಂತ ಭಾಷಣ ಸ್ಪರ್ಧೆ ಇತ್ತು. ಗೆದ್ದವರಿಗೆ ಧಾರವಾಡಕ್ಕೆ ಹೋಗುವ ಅವಕಾಶ. ಗೆಳೆಯನೊಬ್ಬ ಈ ಸಿನಿಮಾದ ಡಿವಿಡಿ ಕೊಟ್ಟ. ಮೂರು ವಾರ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಶುರುವಿನಲ್ಲಿ ದೊಡ್ಡ ಬಾವುಟದ ಮುಂದೆ ನಿಂತು ಮಾತಾಡುತ್ತಾನಲ್ಲ, ಆ ಭಾಗ ಪೂರ್ತಿ ಬಾಯಿಪಾಠ. ಅಂಕೋಲಾದಿಂದ ಬರುವ ಬಸ್ಸಿನಲ್ಲೂ ಆ ಗಡಸು ದನಿಯನ್ನು ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದೆ.

ವೇದಿಕೆ ಮೇಲೆ ಎಲ್ಲ ಸರಿಯಾಗಿಯೇ ಹೋಯಿತು. ಆಮೇಲೆ ಕಪಾಳಮೋಕ್ಷದ ಪ್ರಸಂಗಕ್ಕೆ ಬಂದೆ. ಇಟಲಿಯ ಸಿಸಿಲಿ ದ್ವೀಪದ ಆಸ್ಪತ್ರೆಯಲ್ಲಿ ಅಳುತ್ತಾ ಕೂತ ತನ್ನದೇ ಸೈನಿಕನಿಗೆ ಪ್ಯಾಟನ್ ಹೊಡೆಯುತ್ತಾನೆ, ನೋಡಿದ್ದೀರಲ್ವಾ? ನಾನು ಕೈ ಎತ್ತಿ, “ಯುದ್ಧದ ಹೊತ್ತಿನಲ್ಲಿ ಅಳುವ ಹೇಡಿಗೆ ಒಂದು ಏಟು ಬಿದ್ದರೆ ತಪ್ಪೇನು?” ಅಂದೆ. ಜೋರು ಚಪ್ಪಾಳೆ.

ತೀರ್ಪುಗಾರರಲ್ಲಿ ಒಬ್ಬರು ಸೇನೆಯಿಂದ ನಿವೃತ್ತರಾದವರು. ನಾನು ಇಳಿಯುವಷ್ಟರಲ್ಲಿ ಕೇಳಿದರು, “ತಮಾ, ಆ ಹುಡುಗಂಗೆ ಎಂತಾ ಆಗಿತ್ತು?”

“ಹೆದರಿಕೆ, ಸರ್.”

“ಮಲೇರಿಯಾ ಆಗಿತ್ತು.”

ಸಭೆ ತಣ್ಣಗಾಯಿತು. ಧಾರವಾಡಕ್ಕೆ ಬೇರೆಯವರು ಹೋದರು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿನಿಮಾದಲ್ಲಿ ಹೊಡೆಯುವುದು ಒಬ್ಬನಿಗೆ. ನಿಜದಲ್ಲಿ ಇಬ್ಬರಿಗೆ, ಒಂದೇ ವಾರದ ಅಂತರದಲ್ಲಿ. 1943ರ ಆಗಸ್ಟ್ 3ರಂದು ಚಾರ್ಲ್ಸ್ ಕೂಲ್, ಆಗಸ್ಟ್ 10ರಂದು ಪಾಲ್ ಬೆನೆಟ್. ಕೂಲ್‌ನನ್ನು ಆಮೇಲೆ ಪರೀಕ್ಷೆ ಮಾಡಿದಾಗ 102 ಡಿಗ್ರಿ ದಾಟಿದ ಜ್ವರ, ಮಲೇರಿಯಾ, ಜೊತೆಗೆ ಭೇದಿ. ಬೆನೆಟ್‌ಗೂ ಜ್ವರವಿತ್ತು. ಅವನು ತನ್ನ ತುಕಡಿ ಬಿಟ್ಟು ಆಸ್ಪತ್ರೆಗೆ ಬರೋಕೇ ಒಪ್ಪಿರಲಿಲ್ಲ. ಒಮ್ಮೆ ಹೊಡೆದರೆ ಸಿಟ್ಟಿನ ಭರದಲ್ಲಿ ಆಯಿತು ಅನ್ನಬಹುದು. ವಾರದೊಳಗೆ ಮತ್ತೆ ಹೊಡೆದರೆ? ಎರಡನ್ನು ಒಂದು ಮಾಡಿದ್ದರಿಂದ ಆ ಪ್ರಶ್ನೆಯೇ ನನಗೆ ಹುಟ್ಟಲಿಲ್ಲ. ತೆರೆ ಮೇಲೆ ಇಲ್ಲದ್ದು ನಡೆದೇ ಇಲ್ಲ ಅಂದುಕೊಂಡಿದ್ದೆ. ಮೂರು ವಾರದಲ್ಲಿ ಒಂದು ಪುಸ್ತಕದ ಒಂದು ಪುಟವನ್ನೂ ತೆರೆದಿರಲಿಲ್ಲ.

ನಮ್ಮಪ್ಪನಿಗೆ ಮಲೇರಿಯಾ ಬಂದಾಗ ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಅಲುಗುತ್ತಿತ್ತು. ಕಾಲು ಒತ್ತಿ ಹಿಡಿದುಕೊಂಡವನು ನಾನೇ. ಅಂಥ ನಡುಕದಲ್ಲಿದ್ದ ಹುಡುಗನನ್ನು ಮೈಕಿನಲ್ಲಿ ಹೇಡಿ ಅಂದೆ. ಸೋತದ್ದಕ್ಕಿಂತ ಇದು ಇವತ್ತಿಗೂ ಜಾಸ್ತಿ ಚುಚ್ಚುತ್ತದೆ.

ಆ ಸರ್ ಸಂಜೆ ನನ್ನನ್ನು ಬೀಚಿನ ಕಡೆ ಕರೆದುಕೊಂಡು ಹೋದರು. ಅಲ್ಲಿ ಹತ್ತಿರದ ಚೆಂಡಿಯಾ ಊರಿನ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. 1948ರಲ್ಲಿ ರಾಜೌರಿಯ ದಾರಿಯಲ್ಲಿ, ಗಾಯವಾದ ಮೇಲೂ ನೆಲದಲ್ಲಿ ಹೂತಿಟ್ಟ ಮೈನ್ (ಸ್ಫೋಟಕ) ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಪರಮವೀರ ಚಕ್ರ ಪಡೆದವರು. “ಟ್ಯಾಂಕಿನ ಮೇಲೆ ನಿಂತವನ ಕಥೆ ಹೇಳೋವಾಗ ಕೆಳಗೆ ತೆವಳಿದವನನ್ನ ಮರೀಬೇಡ” ಅಂದರು.

ಆಮೇಲೆ ಕೂತು ಓದಿದೆ. ಪ್ಯಾಟನ್‌ನ ನಿಜವಾದ ದನಿ ಕೀರಲು, ಹಳೆಯ ಸುದ್ದಿಚಿತ್ರಗಳಲ್ಲಿ ಈಗಲೂ ಕೇಳಬಹುದು. ನಾನು ಬಸ್ಸಿನಲ್ಲಿ ಕಲಿತದ್ದು ನಟ ಜಾರ್ಜ್ ಸಿ. ಸ್ಕಾಟ್ ದನಿ. ಬಾವುಟದ ಮುಂದಿನ ಆ ಭಾಷಣ ನಿಜದಲ್ಲಿ 1944ರದ್ದು, ಆ ಹೊತ್ತಿಗೆ ಪ್ಯಾಟನ್‌ಗೆ ಹುದ್ದೆಯ ಗುರುತಾಗಿ ಇದ್ದದ್ದು ಮೂರೇ ನಕ್ಷತ್ರ. ಸಿನಿಮಾದಲ್ಲಿ ನಾಲ್ಕು ಹಾಕಿಕೊಂಡಿದ್ದಾನೆ. ನಾಲ್ಕನೆಯದು ಬಂದದ್ದು 1945ರಲ್ಲಿ. ಟ್ಯಾಂಕುಗಳಂತೂ ಬಹುತೇಕ ಯುದ್ಧ ಮುಗಿದ ಮೇಲಿನವು, ಸ್ಪೇನ್ ಸೇನೆಯಿಂದ ಪಡೆದವು. ಅವುಗಳಲ್ಲಿ ಅವನ ಹೆಸರಿನ ಪ್ಯಾಟನ್ ಟ್ಯಾಂಕುಗಳೂ ಇವೆ! 1965ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಪಂಜಾಬಿನ ಖೇಮ್‌ಕರಣ್ ಹತ್ತಿರ ನಮ್ಮವರು ಪುಡಿ ಮಾಡಿದ್ದು ಇದೇ ಜಾತಿಯವನ್ನು.

ಇವೆಲ್ಲ ಸಣ್ಣವು, ಬಿಡಿ. ದೊಡ್ಡದು ಪ್ಯಾಟನ್ ಜೊತೆಗಿದ್ದ ಇನ್ನೊಬ್ಬ ಅಮೆರಿಕನ್ ಜನರಲ್ ಒಮರ್ ಬ್ರ್ಯಾಡ್ಲಿಯ ವಿಷಯ. ಸಿನಿಮಾದಲ್ಲಿ ಅವನು ತಾಳ್ಮೆಯ ಒಳ್ಳೆಯ ಮನುಷ್ಯ. ಆದರೆ ಈ ಸಿನಿಮಾಕ್ಕೆ ಆಧಾರವಾದ ಎರಡು ಪುಸ್ತಕಗಳಲ್ಲಿ ಒಂದು ಅವನದೇ, ಸೇನಾ ಸಲಹೆಗಾರನೂ ಅವನೇ. 1970ರಲ್ಲಿ ಸಿನಿಮಾ ಬಂದಾಗ ಪ್ಯಾಟನ್ ತೀರಿಕೊಂಡು 24 ವರ್ಷ ಕಳೆದಿತ್ತು. ಜೊತೆಯಲ್ಲಿ ಜಗಳವಾಡಿದವನ ಕಣ್ಣಿಂದ ಕಂಡ ಮನುಷ್ಯ ಇವನು.

ಹಾಗಾಗಿ ಎಷ್ಟು ಪರ್ಸೆಂಟ್ ನಿಜ ಅನ್ನುವ ಲೆಕ್ಕ ಬಿಟ್ಟುಬಿಡಿ, ಅದರಿಂದ ಏನೂ ಸಿಗುವುದಿಲ್ಲ. ಯಾರು ಹೇಳಿದ ಕಥೆ, ಯಾರನ್ನು ಬಿಟ್ಟಿದ್ದಾರೆ ಅಂತ ಹುಡುಕಿ. ಬಾವುಟದ ಭಾಷಣವನ್ನು ಕಲಿತಿದ್ದರೆ ಸುಮ್ನೆ ಕೈಬಿಡಿ. ಆಗಸ್ಟ್ 3ರಿಂದ ಶುರು ಮಾಡಿ, ಕೂಲ್‌ನ ಹೆಸರು ಹೇಳಿ, ಜ್ವರ ಹೇಳಿ. 1944ರ ಡಿಸೆಂಬರಿನ ಹಿಮದಲ್ಲಿ ಜರ್ಮನ್ನರು ಸುತ್ತುವರಿದಿದ್ದ ಬೆಲ್ಜಿಯಂನ ಬಾಸ್ಟೋನ್ ಊರಿನ ಕಡೆ ಪ್ಯಾಟನ್ ತನ್ನ ಸೇನೆಯನ್ನು ತಿರುಗಿಸಿದ್ದನ್ನೂ ಹೇಳಿ, ಅದೂ ಸುಳ್ಳಲ್ಲ. ಬರೆದದ್ದನ್ನು ಇಲ್ಲೇ ಹಾಕಿದರೆ ಓದಿ ನೋಡುತ್ತೇನೆ.