ದಿನಕ್ಕೆ ಎಷ್ಟು ಗಂಟೆ ಆದರೆ ಚಟ?

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ, ಸೈನ್ಸ್. ರಾತ್ರಿ ಎರಡರವರೆಗೆ ಫೋನಿನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡುತ್ತಾನೆ. ಮೊನ್ನೆ ಅವರಪ್ಪ ಫೋನ್ ಕಿತ್ತುಕೊಂಡು ಗೋಡೆಗೆ ಬಡಿದರು. ಆವತ್ತಿನಿಂದ ಮಾತಿಲ್ಲ, ಸರಿಯಾಗಿ ಊಟವೂ ಇಲ್ಲ. ದಿನಕ್ಕೆ ಎಷ್ಟು ಗಂಟೆ ಆದರೆ ಚಟ ಅನ್ನಬೇಕು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಈ ಗಂಟೆ ಲೆಕ್ಕ ಕೇಳಿ ಕೇಳಿ ಸಾಕಾಗಿದೆ ಅಮ್ಮಾ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆದರೆ ಇಷ್ಟು ಗಂಟೆ ದಾಟಿದರೆ ರೋಗ ಅಂತ ಅಲ್ಲಿ ಗೆರೆ ಹಾಕಿಲ್ಲ. ಆಟ ಅವನ ಹಿಡಿತ ತಪ್ಪಿದೆಯಾ? ಓದು, ನಿದ್ದೆ, ಗೆಳೆಯರು ಎಲ್ಲ ಆಟದ ಹಿಂದೆ ಬಿದ್ದಿವೆಯಾ? ಹಾಳಾಗುತ್ತಿರುವುದು ಗೊತ್ತಿದ್ದೂ ಬಿಡಲಾಗುತ್ತಿಲ್ಲವಾ? ಅದೂ ಸಾಮಾನ್ಯವಾಗಿ ಒಂದು ವರ್ಷದಿಂದ? ನಾವು ನೋಡುವುದು ಇದನ್ನು. ದಸರಾ ರಜೆಯಲ್ಲಿ ಹಗಲೂ ರಾತ್ರಿ ಆಡಿದ ಹುಡುಗನನ್ನೆಲ್ಲ ರೋಗಿ ಮಾಡಬೇಡಿ.

ನನಗೆ ಆಟಕ್ಕಿಂತ ಜಾಸ್ತಿ ಚಿಂತೆ ಅವನು ಊಟ ಬಿಟ್ಟಿರುವುದು. ಇವತ್ತೇ ಪಕ್ಕದಲ್ಲಿ ಕೂತು, "ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ ಮಗಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಆ ಆಟ. ನಾಲ್ಕು ಜನರ ಸ್ಕ್ವಾಡ್, ಕೊನೆತನಕ ಉಳಿದರೆ ಒಂದು ಮ್ಯಾಚ್ ಹೆಚ್ಚುಕಡಿಮೆ ಅರ್ಧ ಗಂಟೆ. ನಡುವೆ ಫೋನ್ ಕಿತ್ತರೆ ಅವನ ಪಾಲಿಗೆ ಮೂವರು ಗೆಳೆಯರಿಗೆ ಕೈಕೊಟ್ಟ ಹಾಗೆ. "ಇದೊಂದು ಮುಗಿಸಿ ಕೊಡ್ತೀನಮ್ಮಾ" ಅನ್ನುವುದು ಯಾವಾಗಲೂ ನೆಪವಲ್ಲ. ಎಷ್ಟು ಮ್ಯಾಚ್ ಅಂತ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.

ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗ ಹೇಳಿದ್ದ: "ಸರ್, ಅಲ್ಲಿ ಎಲ್ರೂ ನನ್ನ ಕರೀತಾರೆ. ಕ್ಲಾಸಲ್ಲಿ ಫಿಸಿಕ್ಸ್ ಒಂದಕ್ಷರ ಅರ್ಥ ಆಗಲ್ಲ." ಸೈನ್ಸ್ ನಿಮ್ಮ ಮಗನೇ ತಗೊಂಡಿದ್ದಾ, ನೀವು ಕೊಡಿಸಿದ್ದಾ? ಕೇಳಿ ನೋಡಿ.

ಮೊದಲು ನಿದ್ದೆ ಸರಿಮಾಡಿ. ರಾತ್ರಿ ಹನ್ನೊಂದಕ್ಕೆ ಮನೆಯವರ ಫೋನೆಲ್ಲ ಹಾಲ್‌ನಲ್ಲಿ ಚಾರ್ಜಿಗೆ. ಅಪ್ಪನದ್ದೂ. ಅಪ್ಪ ಮಂಚದ ಮೇಲೆ ರೀಲ್ಸ್ ನೋಡುತ್ತಾ ಮಗನಿಗೆ ಬುದ್ಧಿ ಹೇಳಿದರೆ ನಾನೂ ಕೇಳುವುದಿಲ್ಲ. ಅಲಾರಂಗೆ ಫೋನ್ ಬೇಕು ಅನ್ನುತ್ತಾನೆ, ಒಂದು ಟೈಂಪೀಸ್ ತಂದಿಡಿ. ಮೊದಲ ಕೆಲವು ದಿನ ಸಿಡುಕುತ್ತಾನೆ. ನೀವು ಸಿಡುಕಬೇಡಿ.

ಕಾಲೇಜಿಗೆ ಹೋಗುವುದನ್ನೇ ಬಿಟ್ಟರೆ, ಮನೆಯವರ ಮೇಲೆ ಕೈ ಎತ್ತಿದರೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮೊಬೈಲ್ ಚಟ ಬಿಡಿಸುವ ಪುಡಿ ಮಾರುತ್ತಾರೆ. ಮಗಳಿಗೆ ಗೊತ್ತಾಗದ ಹಾಗೆ ಹಾಲಿಗೆ ಹಾಕಬಹುದಾ?

ಉತ್ತರ: ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಅಲ್ವಾ? ಮೋರಿಗೆ ಸುರಿಯಿರಿ.

ಪ್ರಶ್ನೆ: ಒಂದು ಭಾನುವಾರ ಫೋನ್, ಗೇಮ್ ಎಲ್ಲ ಬಿಟ್ಟು ಡೋಪಮೈನ್ ಡಿಟಾಕ್ಸ್ ಮಾಡಿದರೆ ಮೆದುಳು ಕ್ಲೀನ್ ಆಗುತ್ತಂತೆ?

ಉತ್ತರ: ಡೋಪಮೈನ್ ಮೆದುಳಿನದೇ ಒಂದು ರಾಸಾಯನಿಕ. ಅದೇನು ಪಾತ್ರೆಗೆ ಹಿಡಿದ ಮಸಿಯಾ, ತಿಕ್ಕಿ ತೊಳೆಯೋಕೆ? ಭಾನುವಾರ ಸುಮ್ನೆ ಕ್ರಿಕೆಟ್ ಆಡಿ.