ದೊಡ್ಡ ಟೈರ್ ಹಾಕಿಸಿದ ಮೇಲೆ ಪಿಕಪ್ ಮೈಲೇಜ್ ಇಳಿದಿರುವ ಬಗ್ಗೆ
ಕೋಲಾರದ ಎಪಿಎಂಸಿಯಿಂದ ಬೆಂಗಳೂರಿಗೆ ಟೊಮ್ಯಾಟೊ ಸಾಗಿಸುವ ನಿಮ್ಮ ಪಿಕಪ್‌ಗೆ 215/75 ಆರ್15 (ಅಗಲ 215 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 75, ರಿಮ್ 15 ಇಂಚು) ಬದಲು 235/75 ಆರ್15 ಟೈರ್ ಹಾಕಿಸಿದ ಮೇಲೆ ಮೈಲೇಜ್ 14ರಿಂದ 12ಕ್ಕೆ ಇಳಿಯಿತೆಂದು ಬರೆದಿದ್ದೀರಿ. ಇದರಲ್ಲಿ ಒಂದು ಪಾಲು ನಿಜವಾದ ನಷ್ಟವಲ್ಲ, ಮೀಟರಿನ ಲೆಕ್ಕದ ವ್ಯತ್ಯಾಸ. ಹಳೆಯ ಟೈರಿನ ವ್ಯಾಸ ಸುಮಾರು 704 ಮಿ.ಮೀ., ಹೊಸದರದು 734. ಓಡೋಮೀಟರ್ ಚಕ್ರದ ಸುತ್ತುಗಳನ್ನಷ್ಟೇ ಎಣಿಸುವುದರಿಂದ, ಅದು 100 ಕಿ.ಮೀ. ತೋರಿಸುವಾಗ ಗಾಡಿ ವಾಸ್ತವವಾಗಿ 104 ಕಿ.ಮೀ.ಗೂ ತುಸು ಹೆಚ್ಚು ಓಡಿರುತ್ತದೆ. ಆದ್ದರಿಂದ ನಿಮ್ಮ 12 ನಿಜದಲ್ಲಿ ಹನ್ನೆರಡೂವರೆ.

ನಿಜವಾದ ಮೈಲೇಜ್ ತಿಳಿಯಲು ಮೊದಲು ಟ್ಯಾಂಕ್ ತುಂಬಿಸಿ, ಎಂದಿನ ಲೋಡಿನಲ್ಲೇ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. ಮೀಟರಿನ ದೂರವನ್ನು 1.04ರಿಂದ ಗುಣಿಸಿ, ಹಾಕಿಸಿದ ಲೀಟರುಗಳಿಂದ ಭಾಗಿಸಿ. ನಂತರ, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ. ಲೋಡ್ ಗಾಡಿಯಲ್ಲಿ ಹಿಂಬದಿಯ ಟೈರುಗಳ ಗಾಳಿ ಕಡಿಮೆಯಿದ್ದರೆ ಡೀಸೆಲ್ ವ್ಯರ್ಥವಾಗುವುದಷ್ಟೇ ಅಲ್ಲ, ಟೈರ್ ಕಾದು ಸಿಡಿಯುವ ಅಪಾಯವೂ ಇದೆ. ಇದನ್ನು ದಯವಿಟ್ಟು ಮುಂದೂಡಬೇಡಿ. ಟೈರ್ ದೊಡ್ಡದಾದಷ್ಟೂ ಇಂಜಿನ್ನಿಗೆ ಎಳೆಯುವುದು ಕಷ್ಟವಾಗುವುದರಿಂದ, ಏರಿನಲ್ಲಿ ಐದನೇ ಗೇರಿನಲ್ಲಿ ತಿಣುಕಿಸದೆ ನಾಲ್ಕಕ್ಕೆ ಇಳಿಸಿ. ಮೀಟರ್ 60 ತೋರಿಸುವಾಗ ನಿಜವಾದ ವೇಗ 62 ದಾಟಿರುತ್ತದೆ ಎಂಬುದೂ ನೆನಪಿರಲಿ.

ಉಳಿದ ಇಳಿಕೆಗೆ ಟೈರಿನ ತೂಕ, ಅಗಲ, ಹೊರಮೈಯ ಉಬ್ಬುತಗ್ಗುಗಳ ವಿನ್ಯಾಸಗಳಲ್ಲಿ ಯಾವುದು ಎಷ್ಟು ಕಾರಣವೆಂದು ಗಾಡಿ ನೋಡದೆ ಹೇಳಲಾಗದು. ಗಾಳಿ ಸರಿಮಾಡಿಸಿದ ಮೇಲೂ ಸರಿಯಾದ ಲೆಕ್ಕದಲ್ಲಿ 13 ದಾಟದಿದ್ದರೆ ವೀಲ್ ಅಲೈನ್‌ಮೆಂಟ್ ಮತ್ತು ಬ್ರೇಕ್ ಹಿಡಿದುಕೊಳ್ಳುತ್ತಿದೆಯೇ ಎಂಬುದನ್ನು ಪರೀಕ್ಷೆ ಮಾಡಿಸಿ. ಹೆದ್ದಾರಿಯಲ್ಲೇ ಓಡುವ ಗಾಡಿಗೆ ಹಳೆಯ ಅಳತೆಯೇ ಸೂಕ್ತ. ಈ ಟೈರುಗಳು ಸವೆದಾಗ 215ಕ್ಕೇ ಮರಳಿ.